ಕಣ್ಣಿಗೆ ಕೀಮೋ

ಹೋದ ವಾರ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಮಳೆಗೆ ಸಿಕ್ಕಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಇಬ್ಬರ ಮಾತು.

'ಮಾವನ ಕಣ್ಣಿಗೆ ಕೀಮೋ ಶುರುವಾಗಿದೆ ಅಕ್ಕ.'

'ಅಯ್ಯೋ, ಕಣ್ಣಿಗೇ ಕರೆಂಟ್ ಇಡ್ತಾರಾ? ಸುಟ್ಟು ಹೋಗಲ್ವಾ?'

ಈ ವರ್ಷ ಇದೇ ಮಾತು ಕೇಳುತ್ತಿರುವುದು ನಾಲ್ಕನೇ ಸಲ. ಕರೆಂಟ್ ಇಡೋದು ಅಂತ ನಾವು ಕರೆಯುವುದು ರೇಡಿಯೇಷನ್ನನ್ನು. ಕೀಮೋ ಅಂದರೆ ಔಷಧಿ. ಎರಡನ್ನೂ ಕ್ಯಾನ್ಸರ್‌ಗೆ ಕೊಡುತ್ತಾರೆ, ಅಷ್ಟೇ ನಂಟು.

ತಪ್ಪು ಪೂರ್ತಿ ಜನರದ್ದೂ ಅಲ್ಲ, ಪದವೇ ಹಾಗಿದೆ. ಕೀಮೋಥೆರಪಿ ಅಂದರೆ ರಾಸಾಯನಿಕದಿಂದ ಚಿಕಿತ್ಸೆ. ಕೆಲವರು ಅದನ್ನು 'ರಸಾಯನ ಚಿಕಿತ್ಸೆ' ಅಂತ ಬರೆದುಬಿಡುತ್ತಾರೆ. ನಮ್ಮಲ್ಲಿ ರಸಾಯನ ಅಂದರೆ ಬಾಳೆಹಣ್ಣು, ಬೆಲ್ಲ, ಕಾಯಿಹಾಲು. ಆಯುರ್ವೇದದಲ್ಲಾದರೆ ಮುಪ್ಪು ದೂರ ಇಡುವ ವಿದ್ಯೆ. ಕೀಮೋ ತಗೊಂಡವರ ಹತ್ತಿರ ಹೋಗಿ ರಸಾಯನ ಅಂದು ನೋಡಿ! ಕೀಮೋಥೆರಪಿ ಅನ್ನುವ ಪದವನ್ನು ಚಲಾವಣೆಗೆ ತಂದವರು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್, 20ನೇ ಶತಮಾನದ ಆರಂಭದಲ್ಲಿ. ಆಗ ಅದು ರೋಗಾಣು ಕೊಲ್ಲುವ ರಾಸಾಯನಿಕಗಳ ಮಾತು. 1910ರಲ್ಲಿ ಅವರ ಸಾಲ್ವರ್ಸಾನ್ ಔಷಧಿ ಬಂದದ್ದು ಸಿಫಿಲಿಸ್ ಅನ್ನುವ ಲೈಂಗಿಕ ರೋಗಕ್ಕೆ. ಕ್ಯಾನ್ಸರ್‌ಗೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 1940ರ ದಶಕದಲ್ಲಿ, ಯುದ್ಧದ ವಿಷಾನಿಲ ಮಸ್ಟರ್ಡ್ ಗ್ಯಾಸಿನ ಸಂಬಂಧಿಯೊಂದನ್ನು ರೋಗಿಗಳಿಗೆ ಕೊಟ್ಟು ನೋಡಿದ ಮೇಲೆ. ಅಂದರೆ ಈ ಪದ ಹೇಳುವುದು ರಾಸಾಯನಿಕ ಔಷಧಿ ಅಂತ ಮಾತ್ರ. ಯಾವ ದಾರಿಯಲ್ಲಿ ಕೊಡುತ್ತಾರೆ, ಕೂದಲು ಉದುರುತ್ತದಾ, ಅದೆಲ್ಲ ಪದದೊಳಗೆ ಇಲ್ಲವೇ ಇಲ್ಲ.

ದಾರಿ ಅಂದೆನಲ್ಲ, ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗೆ ಮುಂಚೆ ಇಡೀ ಕಾಫಿ ಗಿಡಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಾಂಡಕೊರಕಕ್ಕಾದರೆ ಕಾಂಡಕ್ಕೆ ಮಾತ್ರ ಸುಣ್ಣ ಬಳಿಯುತ್ತೇವೆ. ಕಣ್ಣಿನಲ್ಲೂ ಹಾಗೇ. ಪುಟ್ಟ ಮಕ್ಕಳಿಗೆ ಬರುವ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾಗೆ, ಅದೇ ಫ್ಲ್ಯಾಶ್ ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಕಾಣುತ್ತದಲ್ಲ, ಆ ಕಾಯಿಲೆಗೆ, ರಕ್ತನಾಳದ ಮೂಲಕ ಮೈಗೆಲ್ಲ ಹೋಗುವಂತೆ ಮೂರು ಔಷಧಿ ಸೇರಿಸಿ ಕೊಡುವುದುಂಟು. ಅದರಲ್ಲೊಂದು ವಿನ್‌ಕ್ರಿಸ್ಟಿನ್, ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದದ್ದು. (ಹಾಗಂತ ಎಲೆ ಕಿತ್ತು ಕಷಾಯ ಕಾಯಿಸುವವರಿಗೆ ದೂರದಿಂದಲೇ ನಮಸ್ಕಾರ.) ಇಲ್ಲವಾದರೆ ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಕಣ್ಣಿಗೆ ರಕ್ತ ಒಯ್ಯುವ ನಾಳಕ್ಕೇ ಮೆಲ್ಫಲಾನ್ ಅನ್ನುವ ಕೀಮೋ ಔಷಧಿ ಬಿಡುತ್ತಾರೆ. ಕಣ್ಣುಗುಡ್ಡೆಯೊಳಗೇ ಸೂಜಿಯಲ್ಲಿ ಕೊಡುವುದೂ ಇದೆ.

ತಮಾಷೆ ಏನು ಗೊತ್ತಾ? ಈ ಮಕ್ಕಳ ಕಣ್ಣಿಗೆ 1990ರ ದಶಕದಲ್ಲಿ ಕೀಮೋ ಬಂದದ್ದೇ ಕರೆಂಟ್ ತಪ್ಪಿಸುವುದಕ್ಕೆ. ಹುಟ್ಟಿನಿಂದಲೇ ಈ ಕಾಯಿಲೆಯ ಜೀನ್ ದೋಷ ಇರುವ ಮಕ್ಕಳಿಗೆ ಹೊರಗಿನಿಂದ ರೇಡಿಯೇಷನ್ ಕೊಟ್ಟರೆ, ಮುಂದೆ ಇನ್ನೊಂದು ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ದೊಡ್ಡವರ ಕಣ್ಣಿನೊಳಗಿನ ಮೆಲನೋಮಾ ಕ್ಯಾನ್ಸರಿನ ಕಥೆ ಬೇರೆ. ಅದಕ್ಕೆ ಕೀಮೋ ಅಷ್ಟು ನಾಟುವುದಿಲ್ಲ, ಅಲ್ಲಿ ರೇಡಿಯೇಷನ್ನೇ ಮುಂದೆ.

ಇನ್ನೊಂದು ಗೋಜಲು. ಶುಗರ್‌ನಿಂದ ಕಣ್ಣಿನ ಪರದೆ ಊದಿದವರಿಗೆ ಅವಾಸ್ಟಿನ್ ಇಂಜೆಕ್ಷನ್ ಕೊಡುತ್ತಾರೆ. ಅದು ಮೊದಲು ಬಂದದ್ದು ಕರುಳಿನ ಕ್ಯಾನ್ಸರ್‌ಗೆ ಅಂತ ಎಲ್ಲೋ ಓದಿ, 'ನಮ್ಮಪ್ಪನಿಗೂ ಕೀಮೋ' ಅಂತ ಊರೆಲ್ಲ ಹೇಳುವವರಿದ್ದಾರೆ. ಅದು ಕೀಮೋ ಅಲ್ಲ ಸ್ವಾಮಿ, ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಆಂಟಿಬಾಡಿ. ಮೈಟೋಮೈಸಿನ್ ನಿಜಕ್ಕೂ ಕೀಮೋ ಔಷಧಿ. ಆದರೆ ಕಣ್ಣಲ್ಲಿ ಬೆಳೆದ ಮಾಂಸ ತೆಗೆದ ಮೇಲೆ, ಮತ್ತೆ ಬೆಳೆಯದಿರಲಿ ಅಂತ ಅದನ್ನೂ ಹಚ್ಚುವುದಿದೆ. ಅಲ್ಲಿ ಕ್ಯಾನ್ಸರ್ರೇ ಇಲ್ಲ!

ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾಯಿ ಹಾಕದೆ ಇರಲಿಲ್ಲ. ಕರೆಂಟ್ ಅಲ್ಲ ಅಕ್ಕ, ಔಷಧಿ ಅಂದೆ. ಸೊಸೆ ಬ್ಯಾಗಿನಿಂದ ಸ್ಟೀಲ್ ಫ್ಲಾಸ್ಕ್ ತೆಗೆದು ಮುಚ್ಚಳ ತಿರುಗಿಸಿದರು. ಅರ್ಧ ಕರಗಿದ ಐಸಿನ ನಡುವೆ, ಪ್ಲಾಸ್ಟಿಕ್ ಕವರಿನೊಳಗೆ ಹೆಬ್ಬೆರಳಷ್ಟು ಡ್ರಾಪ್ಸ್ ಬಾಟಲಿ. ಮಾವನಿಗೆ ಕಣ್ಣಿನ ಮೇಲ್ಪದರದ ಕ್ಯಾನ್ಸರ್ ಅಂತೆ. ದಿನಕ್ಕೆ ನಾಲ್ಕು ಸಲ, ಒಂದು ವಾರ ಹಾಕು, ಒಂದು ವಾರ ಬಿಡು ಅಂದಿದ್ದಾರಂತೆ ಡಾಕ್ಟರು. ಅಕ್ಕ ಬಗ್ಗಿ ನೋಡಿದರು.

'ಇಷ್ಟೇನಾ?' ಅಂದರು.