ಸಹಸ್ರಮಾನ: ತುಂಬಿದ್ದೆಷ್ಟು, ನಡೆಯುತ್ತಿದ್ದದ್ದೆಷ್ಟು?

‘ಹೊಸ ಸಹಸ್ರಮಾನದ ಮೊದಲ ದಿನ ಯಾವುದು?’ ಈ ಪ್ರಶ್ನೆಗೆ ‘2000ದ ಜನವರಿ 1’ ಎಂದೇ ಉತ್ತರ ಕೊಡುವ ರಸಪ್ರಶ್ನೆ ಪಟ್ಟಿಗಳು ಇನ್ನೂ ಓಡಾಡುತ್ತಿವೆ. ಅವತ್ತು ಪಟಾಕಿ ಹೊಡೆದವರ ಮೇಲೆ ತಕರಾರಿಲ್ಲ, ನಾಲ್ಕೂ ಅಂಕಿ ಒಟ್ಟಿಗೆ ಉರುಳುವ ದಿನ ಮತ್ತೆ ಮತ್ತೆ ಬರುವುದಿಲ್ಲ. ಆದರೆ ಸಹಸ್ರಮಾನ ಶುರುವಾದದ್ದು 2001ರ ಜನವರಿ 1ಕ್ಕೆ. 2000 ಹಳೆಯದರ ಕೊನೆಯ ವರ್ಷ.

ಪದದಲ್ಲೇ ಸುಳಿವಿದೆ. ‘ಮಾನ’ ಅಂದರೆ ಅಳತೆ, ವರ್ಷವಲ್ಲ. ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥದಲ್ಲಿ ಬರುವ ‘ಶತಮಾನ’ಕ್ಕೂ ಕಾಲಕ್ಕೂ ಸಂಬಂಧವೇ ಇಲ್ಲ, ಅದು ನೂರು ಮಾನ ತೂಕದ ಚಿನ್ನ. ಕಾಲದ ಅರ್ಥ ಆಮೇಲೆ ಕೂಡಿಕೊಂಡದ್ದು. ಹೇಗಾದರೂ ಸಹಸ್ರಮಾನ ಅನ್ನಿಸಿಕೊಳ್ಳಬೇಕಾದರೆ ಸಾವಿರ ತುಂಬಬೇಕು, 999ಕ್ಕೆ ಆ ಹೆಸರು ಸಲ್ಲದು.

ಗೊಂದಲ ಹುಟ್ಟುವುದು ಎಣಿಕೆಯ ರೀತಿಯಲ್ಲಿ. ಮಗುವಿನ ವಯಸ್ಸು ಕೇಳಿದರೆ ಅಜ್ಜಿಯಂದಿರು ‘ನಾಲ್ಕು ತುಂಬಿ ಐದು ನಡೀತಿದೆ’ ಅನ್ನುತ್ತಾರಲ್ಲ, ಅಲ್ಲಿ ಎರಡು ಲೆಕ್ಕಗಳಿವೆ. ಪಂಚಾಂಗದವರ ಮಾತಿನಲ್ಲಿ ತುಂಬಿದ್ದು ಗತ, ನಡೆಯುತ್ತಿರುವುದು ವರ್ತಮಾನ. ಕ್ರಿಸ್ತಶಕದ್ದು ವರ್ತಮಾನ ಲೆಕ್ಕ. ರೋಮಿನಲ್ಲಿದ್ದ ಡಯೊನೀಸಿಯಸ್ ಎಕ್ಸಿಗುಯಸ್ ಎಂಬ ಸನ್ಯಾಸಿ 525ರಲ್ಲಿ ಈಸ್ಟರ್ ಹಬ್ಬದ ತೇದಿಪಟ್ಟಿ ಮಾಡುವಾಗ ಹಾಕಿಕೊಂಡ ಎಣಿಕೆ ಇದು: ‘ಪ್ರಭುವಿನ ಇಷ್ಟನೆಯ ವರ್ಷ’. ಒಂದನೆಯದಕ್ಕೆ ಮೊದಲು ಸೊನ್ನೆಯನೆಯದು ಎಂಬುದಿಲ್ಲ. ಕ್ರಿ.ಪೂ. 1 ಮುಗಿದ ಮಾರನೆಯ ದಿನವೇ ಕ್ರಿ.ಶ. 1. ಹಾಗಾಗಿ 2000ದ ಜನವರಿ 1ರ ಬೆಳಗ್ಗೆ ತುಂಬಿದ್ದು 1999 ವರ್ಷ, ನಡೆಯತೊಡಗಿದ್ದು 2000ನೆಯದು.

ಗತ ಲೆಕ್ಕ ನೋಡಬೇಕಿದ್ದರೆ ಐಹೊಳೆಯ ಮೇಗುತಿ ಬಸದಿಗೆ ಹೋಗಬೇಕು. ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ ಅಲ್ಲಿನ ಗೋಡೆಯಲ್ಲಿದೆ. ಭಾರತ ಯುದ್ಧದಿಂದ 3735 ವರ್ಷ, ಶಕರ ಕಾಲದಲ್ಲಿ 556 ವರ್ಷ ಎಂದು ಅದು ಹೇಳುತ್ತದೆ. ಜೊತೆಗೆ ‘ಗತೇಷು’, ‘ಸಮತೀತಾಸು’ ಎಂಬ ಮಾತುಗಳನ್ನೂ ಸೇರಿಸುತ್ತದೆ: ಕಳೆದಿವೆ, ಮುಗಿದಿವೆ. ಅನುಮಾನಕ್ಕೆ ಎಡೆಯೇ ಇಲ್ಲ. 3735ರಲ್ಲಿ 556 ಕಳೆದರೆ 3179, ಪಂಚಾಂಗ ಗಣಿತದಲ್ಲಿ ಕಲಿಯುಗಕ್ಕೂ ಶಕಕ್ಕೂ ಇರುವ ಅಂತರ ಇದೇ. ಅಂದರೆ ಭಾರತ ಯುದ್ಧದಿಂದ ಎಂದು ಶಾಸನ ಎಣಿಸಿದ್ದು ಕಲಿಯುಗದ ವರ್ಷಗಳನ್ನೇ. ಈಗ ಇದನ್ನೇ ಇಸವಿಯಲ್ಲಿ ಲೆಕ್ಕ ಹಾಕಿ. ಕಲಿಯುಗದ ಆರಂಭ ಕ್ರಿ.ಪೂ. 3102, ಶಕದ್ದು ಕ್ರಿ.ಶ. 78. ಕೂಡಿದರೆ 3180. ಹೆಚ್ಚಾಗಿ ಬಂದ ಆ ಒಂದು ಎಲ್ಲಿಯದು? ಇಲ್ಲದ ಸೊನ್ನೆಯ ವರ್ಷವನ್ನೂ ಎಣಿಸಿದ್ದರ ಫಲ ಅದು. ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವ ಯಾವ ಲೆಕ್ಕದಲ್ಲೂ ಕೂಡಿಸಿ ಒಂದನ್ನು ಕಳೆಯಲೇಬೇಕು.

ಕಳೆಯಲು ಮರೆತವರು ಸಾಮಾನ್ಯರೇನಲ್ಲ. ಕವಿ ವರ್ಜಿಲ್ ಹುಟ್ಟಿದ್ದು ಕ್ರಿ.ಪೂ. 70ರಲ್ಲಿ. 70ಕ್ಕೆ 1930 ಕೂಡಿದರೆ ಸರಿಯಾಗಿ ಎರಡು ಸಾವಿರ ಎಂದು ಇಟಲಿ 1930ರಲ್ಲೇ ಅಂಚೆಚೀಟಿ ಹೊರಡಿಸಿ ಉತ್ಸವ ಮಾಡಿತು. ಅವತ್ತಿಗೆ ತುಂಬಿದ್ದು 1999 ವರ್ಷ. ಈ ತಾಪತ್ರಯವೇ ಬೇಡವೆಂದು ಖಗೋಳಶಾಸ್ತ್ರಜ್ಞರು ತಮ್ಮ ಪಾಡಿಗೆ ಸೊನ್ನೆಯ ವರ್ಷ ಇಟ್ಟುಕೊಂಡಿದ್ದಾರೆ. ಅವರ ಕೋಷ್ಟಕದಲ್ಲಿ ಕ್ರಿ.ಪೂ. 1 ಅಂದರೆ 0, ಕ್ರಿ.ಪೂ. 2 ಅಂದರೆ −1. ಹಳೆಯ ಗ್ರಹಣಗಳ ಪಟ್ಟಿಯಿಂದ ಇಸವಿ ಎತ್ತಿಕೊಳ್ಳುವವರು ಈ ಋಣಚಿಹ್ನೆಯನ್ನು ‘ಕ್ರಿ.ಪೂ.’ ಎಂದು ಬದಲಿಸಿ ಸುಮ್ಮನಾಗಿಬಿಡುತ್ತಾರೆ. ಅಲ್ಲಿಗೆ ಒಂದು ವರ್ಷ ತಪ್ಪಿತು.

ಶಕ ಲೆಕ್ಕ ಗತವಾದ್ದರಿಂದ ಅಲ್ಲಿ ಆತುರದವರದೇ ಸರಿ. ರಾಷ್ಟ್ರೀಯ ಪಂಚಾಂಗದಲ್ಲಿ ಶಕ 2000 ಕಾಲಿಡುವ 2078ರ ಮಾರ್ಚ್ 22ರಂದೇ ಎರಡು ಸಾವಿರ ತುಂಬಿರುತ್ತದೆ, ಅವತ್ತೇ ಹಬ್ಬ ಮಾಡಬಹುದು.

ದಶಕದ ವಿಷಯದಲ್ಲಿ ಮಾತ್ರ ಅತಿ ಶಿಸ್ತು ಬೇಡ. ‘ತೊಂಬತ್ತರ ದಶಕ’ 1990ರಿಂದ 1999, ಏಕೆಂದರೆ ಆ ಹೆಸರು ಬಂದದ್ದೇ ಅಂಕಿಯಿಂದ. ‘20ನೇ ಶತಮಾನದ ಕೊನೆಯ ದಶಕ’ 1991ರಿಂದ 2000, ಅದು ಎಣಿಕೆಯಿಂದ ಬಂದದ್ದು. ಎರಡೂ ಸರಿ, ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದು ತಪ್ಪು. ಬಸವಣ್ಣನವರ 12ನೇ ಶತಮಾನವನ್ನು 1200ರ ಮುಂದಕ್ಕೆ ತಳ್ಳುವವರಿಗೆ ಈ ರಿಯಾಯಿತಿಯೂ ಇಲ್ಲ. ಅದು 1101ರಿಂದ 1200.

ಇನ್ನು 2000 ಬರುವಾಗ ಕಂಪ್ಯೂಟರುಗಳಿಗೆ ಎದುರಾದ ‘ವೈಟುಕೆ’ (Y2K) ತೊಂದರೆಯನ್ನು ಸಹಸ್ರಮಾನದ ದೋಷ ಎನ್ನುವುದು. ಇಸವಿಯ ಕೊನೆಯ ಎರಡೇ ಅಂಕಿ ಉಳಿಸಿಕೊಂಡ ಕಂಪ್ಯೂಟರಿಗೆ 00 ಅಂದರೆ 1900ವೂ ಹೌದು, 2000ವೂ ಹೌದು. ಶತಮಾನದ ಅಂಕಿ ಕೈಬಿಟ್ಟಿದ್ದರ ತೊಂದರೆ ಅದು, ಸಹಸ್ರಮಾನದ್ದಲ್ಲ. ಅದರ ಜೊತೆಗೇ ಅಧಿಕ ವರ್ಷದ ತಕರಾರೂ ಇತ್ತು. 100ರಿಂದ ಭಾಗವಾಗುವ ವರ್ಷಕ್ಕೆ ಫೆಬ್ರವರಿ 29 ಇಲ್ಲ, 400ರಿಂದಲೂ ಭಾಗವಾದರೆ ಉಂಟು. ಆದ್ದರಿಂದ 1900ಕ್ಕೆ ಇಲ್ಲ, 2000ಕ್ಕೆ ಉಂಟು. ನಾಲ್ಕರ ನಿಯಮವೊಂದನ್ನೇ ಬರೆದ ತಂತ್ರಾಂಶಗಳು 2000ದಲ್ಲಿ ಪಾರಾದವು. ನೂರರ ನಿಯಮವನ್ನು ಸೇರಿಸಿ ನಾನೂರರದನ್ನು ಬಿಟ್ಟಿದ್ದರೆ ಫೆಬ್ರವರಿ 28ರ ಮಾರನೆಯ ದಿನ ಮಾರ್ಚ್ 1 ಎಂದು ತೋರಿಸುತ್ತಿದ್ದವು.