ಆಲ್ಟ್ ಟೆಕ್ಸ್ಟ್ ಅಂದರೆ ಚಿತ್ರದ ವರ್ಣನೆ ಅಲ್ಲ

ಫೋಟೋ ತೆಗೆದವರ ಹೆಸರು, ಕಾಪಿರೈಟ್ ಸಾಲು, ಗೂಗಲ್ ಕಣ್ಣಿಗೆ ಬೀಳಲಿ ಅಂತ ತುರುಕಿದ ಒಂದು ರಾಶಿ ಪದ, ಜೊತೆಗೆ ಒಂದು ಜೋಕು. ಇದೆಲ್ಲಾ ಈಗ ಆಲ್ಟ್ ಟೆಕ್ಸ್ಟ್ ಹೆಸರಿನಲ್ಲಿ ಓಡಾಡುತ್ತಿದೆ. ಚಿತ್ರ ಕಾಣದವರಿಗೆ ಅದರ ಬದಲಿಗೆ ಸಿಗಲಿ ಅಂತ ಚಿತ್ರದ ಹಿಂದೆ ಬರೆದಿಡುವ ಪದಗಳೇ ಆಲ್ಟ್ ಟೆಕ್ಸ್ಟ್. ಮೊನ್ನೆ ಒಂದು ಸ್ಲೈಡಿನಲ್ಲಿ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ "ಆಲ್ಟ್ ಟೆಕ್ಸ್ಟ್: ಚಿತ್ರ 3" ಅಂತ ಅಚ್ಚು ಹಾಕಿದ್ದರು. ಅದನ್ನು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಎಲ್ಲರ ಕಣ್ಣಿಗೂ ಕಾಣುವ ಹಾಗೆ ಚಿತ್ರದ ಕೆಳಗೆ ಬರೆದರೆ ಅದು ಕ್ಯಾಪ್ಷನ್. ಕ್ಯಾಪ್ಷನ್ ಚಿತ್ರದ ಜೊತೆಗೆ ಇರುತ್ತದೆ. ಆಲ್ಟ್ ಟೆಕ್ಸ್ಟ್ ಇರುವುದು ಚಿತ್ರದ ಬದಲಿಗೆ. ಲ್ಯಾಟಿನ್‌ನಲ್ಲಿ 'ಆಲ್ಟರ್' ಅಂದರೆ ಎರಡರಲ್ಲಿ ಇನ್ನೊಂದು. ಅಲ್ಲಿಂದ ಆಲ್ಟರ್ನೇಟಿವ್, ಅದನ್ನು ತುಂಡು ಮಾಡಿದರೆ ಆಲ್ಟ್. ಕೀಬೋರ್ಡಿನಲ್ಲಿರುವ ಆಲ್ಟ್ ಕೀ ಕೂಡ ಇದೇ ಮನೆತನದ್ದು, ಆದರೆ ಕಸುಬು ಬೇರೆ. ಚಿತ್ರ ಸಿಗದವರಿಗೆ ಆ ಜಾಗದಲ್ಲಿ ಏನು ಸಿಗಬೇಕು ಅನ್ನುವುದಷ್ಟೇ ಇಲ್ಲಿ ಪ್ರಶ್ನೆ.

ಇದು ಹುಟ್ಟಿದ ಕಾಲ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ವೆಬ್ ಪುಟದ ಒಳಗೇ ಚಿತ್ರ ಕೂರಿಸುವ ಟ್ಯಾಗ್ ಬಂದಿದ್ದು 1993ರಲ್ಲಿ. ಆಗ ಲಿಂಕ್ಸ್ ಥರದ ಬ್ರೌಸರ್‌ಗಳು ಬರೀ ಅಕ್ಷರ ತೋರಿಸುತ್ತಿದ್ದವು. ಮೋಡೆಮ್ ನಿಧಾನ ಅಂತ ಎಷ್ಟೋ ಜನ ಚಿತ್ರಗಳನ್ನೇ ಆಫ್ ಮಾಡಿಕೊಂಡು ಓದುತ್ತಿದ್ದರು. ಅವರ ಪರದೆಯಲ್ಲಿ ಚಿತ್ರದ ಜಾಗದಲ್ಲಿ ಆಲ್ಟ್ ಪದಗಳು ಬಂದು ಕೂರುತ್ತಿದ್ದವು. ವೆಬ್ ಪುಟ ಬರೆಯುವ ಭಾಷೆಯ 1995ರ ಆವೃತ್ತಿಯಾದ ಎಚ್‌ಟಿಎಂಎಲ್ 2ರಲ್ಲೇ ಇದು ಇತ್ತು, 1997ರ ಎಚ್‌ಟಿಎಂಎಲ್ 4 ಇದನ್ನು ಕಡ್ಡಾಯ ಮಾಡಿತು. ವೆಬ್ ಅಂಗವಿಕಲರಿಗೂ ಸಿಗಲಿ ಅಂತ 1999ರಲ್ಲಿ ಬಂದ ಡಬ್ಲ್ಯೂಸಿಎಜಿ ನಿಯಮಾವಳಿಯ ಮೊಟ್ಟಮೊದಲ ಅಂಶವೂ ಇದೇ. ಈಗಿನ 2.2 ಆವೃತ್ತಿಯಲ್ಲೂ 1.1.1 ಅನ್ನುವ ಸಂಖ್ಯೆ ಹೊತ್ತು ಮೊದಲ ಸಾಲಿನಲ್ಲೇ ಕೂತಿದೆ.

ಹಾಗಾದರೆ ಗೊಂದಲ ಎಲ್ಲಿಂದ ಬಂತು? ಒಂದು ಕಾರಣ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್. ಚಿತ್ರದ ಮೇಲೆ ಮೌಸ್ ಇಟ್ಟರೆ ಅದು ಆಲ್ಟ್ ಪದಗಳನ್ನು ಹಳದಿ ಚೀಟಿಯ ಹಾಗೆ ತೋರಿಸುತ್ತಿತ್ತು. ಆ ಕೆಲಸಕ್ಕೆ ಟೈಟಲ್ ಅಂತ ಬೇರೆಯೇ ಜಾಗ ಇತ್ತು. ಆದರೆ ಜನ ಆ ಚೀಟಿ ನೋಡಿ, ಓಹೋ ಇದು ಹೆಚ್ಚುವರಿ ಮಾಹಿತಿ ಬರೆಯುವ ಜಾಗ ಅಂದುಕೊಂಡರು. ಆ ಬ್ರೌಸರ್ ಹೋಯಿತು, ಅಭ್ಯಾಸ ಉಳಿಯಿತು.

ಇನ್ನೊಂದು ಗೊಂದಲ ನನಗೆ ಇದಕ್ಕಿಂತ ಜಾಸ್ತಿ ಕಿರಿಕಿರಿ. ಒಳ್ಳೆಯ ಮನಸ್ಸಿನವರೇ ಇದನ್ನು ಮಾಡುತ್ತಾರೆ: ಚಿತ್ರದಲ್ಲಿ ಕಂಡಿದ್ದನ್ನೆಲ್ಲಾ ವರ್ಣಿಸಿಬಿಡುವುದು. ಹುಡುಕುವ ಬಟನ್ ಮೇಲೆ ಭೂತಗನ್ನಡಿಯ ಚಿತ್ರ ಇರುತ್ತದಲ್ಲ, ಅದಕ್ಕೆ "ಕಪ್ಪು ಹಿಡಿಯ ಭೂತಗನ್ನಡಿ" ಅಂತ ಬರೆದಿದ್ದಾರೆ. ಸ್ಕ್ರೀನ್ ರೀಡರ್, ಅಂದರೆ ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅದನ್ನು ಹಾಗೇ ಓದುತ್ತದೆ. ಕೇಳುವವರು ಭೂತಗನ್ನಡಿ ಇಟ್ಟುಕೊಂಡು ಏನು ಮಾಡಬೇಕು? ಅಲ್ಲಿ ಬೇಕಾಗಿದ್ದು "ಹುಡುಕಿ" ಅನ್ನುವ ಒಂದೇ ಪದ. ಕಸದ ಬುಟ್ಟಿ ಇದ್ದರೆ "ಅಳಿಸಿ", ಪುಟ್ಟ ಮನೆ ಇದ್ದರೆ "ಮುಖಪುಟ". ಒತ್ತಿದರೆ ಏನಾಗುತ್ತದೆ ಅನ್ನುವುದೇ ಅಲ್ಲಿ ಮುಖ್ಯ.

ಅದಕ್ಕೇ ಒಂದು ಚಿತ್ರಕ್ಕೆ ಒಂದೇ ಸರಿಯಾದ ಆಲ್ಟ್ ಅಂತ ಇರುವುದಿಲ್ಲ. ಒಂದು ಕಾಗೆಯ ಫೋಟೋ ತೆಗೆದುಕೊಳ್ಳಿ. ಹಕ್ಕಿ ಗುರುತಿಸುವ ಪಾಠದಲ್ಲಿ ಕತ್ತಿನ ಬೂದು ಬಣ್ಣ, ದಪ್ಪ ಕೊಕ್ಕು ಎಲ್ಲಾ ಹೇಳಲೇಬೇಕು. ಕ್ಯಾಮೆರಾ ಲೆನ್ಸಿನ ಪಾಠದಲ್ಲಿ ಕಾಗೆ ಯಾರಿಗೆ ಬೇಕು, ಹಿನ್ನೆಲೆ ಎಷ್ಟು ಮಸುಕಾಗಿದೆ ಅನ್ನುವುದು ಬೇಕು. "ಇದು ಯಾವ ಹಕ್ಕಿ?" ಅನ್ನುವ ಪರೀಕ್ಷೆಯಲ್ಲಂತೂ ಕಾಗೆ ಅಂತ ಬರೆದರೆ ಉತ್ತರವನ್ನೇ ಹೇಳಿಕೊಟ್ಟ ಹಾಗೆ! ಪವರ್‌ಪಾಯಿಂಟ್ ತಾನೇ ಬರೆದುಕೊಡುವ ಆಲ್ಟ್ ಎಡವುವುದು ಇಲ್ಲೇ. ಚಿತ್ರದಲ್ಲಿ ಏನಿದೆ ಅಂತ ಅದು ಊಹಿಸಬಹುದು, ನೀವು ಅದನ್ನು ಅಲ್ಲಿ ಯಾಕೆ ಹಾಕಿದಿರಿ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ನಿಮ್ಮ ಸ್ಲೈಡನ್ನು ಯಾರಿಗಾದರೂ ಫೋನಿನಲ್ಲಿ ಓದಿ ಹೇಳುತ್ತಿದ್ದೀರಿ ಅಂದುಕೊಳ್ಳಿ, ಆ ಜಾಗ ಬಂದಾಗ ಬಾಯಿಗೆ ಏನು ಬರುತ್ತದೋ ಬಹುಮಟ್ಟಿಗೆ ಅದೇ ಆಲ್ಟ್.

"ಇದರ ಚಿತ್ರ" ಅಂತ ಶುರು ಮಾಡುವುದೂ ಬೇಡ. ಚಿತ್ರ ಬಂತು ಅಂತ ಸ್ಕ್ರೀನ್ ರೀಡರ್ ತಾನಾಗಿಯೇ ಹೇಳುತ್ತದೆ. ಗ್ರಾಫ್ ಇದ್ದರೆ "ಬಾರ್ ಗ್ರಾಫ್" ಅಂದು ಕೈತೊಳೆದುಕೊಳ್ಳಬೇಡಿ. ಯಾವುದು ಏರಿತು, ಯಾವುದು ಇಳಿಯಿತು ಹೇಳಿ, ಅಂಕಿಗಳನ್ನು ಪಕ್ಕದಲ್ಲಿ ಟೇಬಲ್ ಮಾಡಿ ಕೊಡಿ. ಆ ಟೇಬಲ್ ಕಣ್ಣು ಕಾಣುವವರಿಗೂ ಬೇಕಾಗುತ್ತದೆ, ಅಲ್ವಾ?

ಈಗ ಖಾಲಿ ಆಲ್ಟ್ ವಿಷಯ. ಇದನ್ನು ತಪ್ಪು ಅಂದುಕೊಂಡವರು ಬಹಳ. ಅಂಚಿನ ಹೂಬಳ್ಳಿ, ಸುಮ್ನೆ ಅಂದಕ್ಕೆ ಎಳೆದ ಗೆರೆ, ಇಂಥವಕ್ಕೆ ಆಲ್ಟ್ ಖಾಲಿ ಇಡುವುದೇ ಸರಿ. ಅಂದರೆ ಪುಟದ ಕೋಡಿನಲ್ಲಿ alt="" ಅಂತ ಉದ್ಧರಣ ಚಿಹ್ನೆ ಹಾಕಿ ಒಳಗೆ ಏನೂ ಬರೆಯದೆ ಬಿಡುವುದು. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಆಲ್ಟ್ ಅನ್ನೇ ಹಾಕದೆ ಬಿಟ್ಟರೆ ಕಥೆ ಬೇರೆ. ಎಷ್ಟೋ ಸಲ ಅದು ಫೈಲಿನ ಹೆಸರನ್ನೇ ಓದಲು ಶುರು ಮಾಡುತ್ತದೆ: ಐಎಂಜಿ, ಅಂಡರ್‌ಸ್ಕೋರ್, ಸೊನ್ನೆ, ಸೊನ್ನೆ, ನಾಲ್ಕು... ಪವರ್‌ಪಾಯಿಂಟಿನಲ್ಲಿ ಇದಕ್ಕೆ ಟೈಪ್ ಮಾಡುವ ಕೆಲಸವೂ ಇಲ್ಲ. ಆಲ್ಟ್ ಟೆಕ್ಸ್ಟ್ ಬರೆಯುವ ಜಾಗದಲ್ಲೇ 'ಅಲಂಕಾರಕ್ಕೆ ಮಾತ್ರ' ಅಂತ ಗುರುತು ಹಾಕುವ ಒಂದು ಚೌಕ ಇರುತ್ತದೆ.

ಇಷ್ಟೆಲ್ಲಾ ಮಾಡಿ ಕೊನೆಗೆ ಪ್ರಿಂಟ್ ಒತ್ತಿ ಪಿಡಿಎಫ್ ಮಾಡಿ ಕಳಿಸುವವರಿದ್ದಾರೆ. ಹಾಗೆ ಮಾಡಿದರೆ ಸಾಮಾನ್ಯವಾಗಿ ಬರೆದ ಆಲ್ಟ್ ಎಲ್ಲಾ ಉದುರಿಹೋಗುತ್ತದೆ. ಸೇವ್ ಆ್ಯಸ್‌ಗೆ ಹೋಗಿ ಪಿಡಿಎಫ್ ಆರಿಸಿ, ಆಯ್ಕೆಗಳಲ್ಲಿ ಆಕ್ಸೆಸಿಬಿಲಿಟಿ ಟ್ಯಾಗ್‌ಗಳ ಮುಂದೆ ಟಿಕ್ ಇದೆಯಾ ನೋಡಿಕೊಂಡು ಉಳಿಸಿ.