ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ: ಬರಿಮೈ ತೀರ್ಪುಗಳನ್ನು ಓದುವ ಬಗೆ

ಗಂಡಸು ಅಂಗಿ ಬಿಚ್ಚಿ ಓಡಾಡಿದರೆ ಯಾರೂ ಕೇಳುವುದಿಲ್ಲ, ಹೆಂಗಸು ಬಿಚ್ಚಿದರೆ ಕೇಸು. ಸಮಾನತೆಯ ಹಕ್ಕನ್ನು ಓದುವಾಗ ಈ ತೀರ್ಪುಗಳು ತುಂಬಾ ಗೊಂದಲ ಮಾಡುತ್ತವೆ.

ಒಂದು ಸುಲಭ ಉಪಾಯವಿದೆ. ಕೋರ್ಟು ಕೇಳಿದ್ದು 'ಇದು ಅಶ್ಲೀಲವೇ?' ಎಂದೋ, 'ಇದು ತಾರತಮ್ಯವೇ?' ಎಂದೋ? ಮೊದಲು ಇದನ್ನು ನೋಡಿ. ಕೆನಡಾದ ಗ್ವೆಲ್ಫ್ ಊರಿನಲ್ಲಿ 1991ರ ಬೇಸಿಗೆಯಲ್ಲಿ ಗ್ವೆನ್ ಜೇಕಬ್ ಎಂಬ ವಿದ್ಯಾರ್ಥಿನಿ ಅಂಗಿ ಬಿಚ್ಚಿ ರಸ್ತೆಯಲ್ಲಿ ನಡೆದರು. ದಂಡ ಬಿತ್ತು. 1996ರಲ್ಲಿ ಒಂಟಾರಿಯೊದ ಮೇಲ್ಮನವಿ ಕೋರ್ಟು ಅವರನ್ನು ಖುಲಾಸೆ ಮಾಡಿತು. ಸಮಾನತೆ ಗೆದ್ದಿತು ಅನ್ನಿಸುತ್ತದೆ, ಅಲ್ವಾ? ಆದರೆ ಕೋರ್ಟು ಹೇಳಿದ್ದು ಇಷ್ಟೇ: ಇದು ಅಸಭ್ಯವಲ್ಲ, ಬೇಸರವಾದವರು ನೋಡುತ್ತಾ ನಿಲ್ಲಬೇಕಿರಲಿಲ್ಲ. ಎದೆ ತೆರೆದು ಕೇಸಿಗೆ ಸಿಕ್ಕ ಹೆಂಗಸರ ಬಗ್ಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಂದ 1992ರ ಸ್ಯಾಂಟೊರೆಲಿ ತೀರ್ಪೂ ಹೀಗೇ. ಬಹುಮತದ ನ್ಯಾಯಾಧೀಶರು ಕಾನೂನಿನ ವ್ಯಾಪ್ತಿ ಕಿರಿದು ಮಾಡಿ ಹೆಂಗಸರನ್ನು ಬಿಟ್ಟರು. ಸಮಾನತೆಯನ್ನು ನೇರವಾಗಿ ಚರ್ಚಿಸಿದ್ದು ಪ್ರತ್ಯೇಕವಾಗಿ ಬರೆದ ಸಹಮತದ ತೀರ್ಪು, ಅಂದರೆ ಫಲಿತಾಂಶವನ್ನು ಒಪ್ಪಿ ಬೇರೆ ಕಾರಣ ಕೊಟ್ಟ ತೀರ್ಪು.

ಈಗ ಕಷ್ಟದ ಹೆಜ್ಜೆ. 'ಒಂದೇ ಸ್ಥಿತಿಯಲ್ಲಿರುವವರಿಗೆ ಒಂದೇ ನಿಯಮ' ಎನ್ನುತ್ತೇವೆ. ಹಾಗಾದರೆ ಗಂಡು, ಹೆಣ್ಣಿನ ಎದೆ ಒಂದೇ ಸ್ಥಿತಿಯಲ್ಲಿವೆಯೇ? 2019ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸುಪ್ರೀಂ ಕೋರ್ಟು, ಹೆಂಗಸರು ಬಯಲಲ್ಲಿ ಎದೆ ತೆರೆಯಬಾರದೆಂಬ ನಿಷೇಧವನ್ನು 3-2ರಲ್ಲಿ ಎತ್ತಿಹಿಡಿಯಿತು. ದೇಹಗಳು ಬೇರೆ, ಜನ ಅವನ್ನು ನೋಡುವ ರೀತಿಯೂ ಬೇರೆ ಎಂಬುದು ಅದರ ಆಧಾರ. ಅದೇ ತಿಂಗಳು ಕೊಲರಾಡೊದ ಫೋರ್ಟ್ ಕಾಲಿನ್ಸ್ ಪ್ರಕರಣದಲ್ಲಿ ಅಮೆರಿಕದ ಹತ್ತನೇ ಸರ್ಕ್ಯೂಟ್ ಕೋರ್ಟು (ಕೆಲವು ರಾಜ್ಯಗಳಿಗೆ ಸೇರಿದ ಕೇಂದ್ರದ ಮೇಲ್ಮನವಿ ಕೋರ್ಟು) ಇಂಥದ್ದೇ ನಿಷೇಧದ ಬಗ್ಗೆ 2-1ರಲ್ಲಿ ಉಲ್ಟಾ ಹೇಳಿತು.

ಇಲ್ಲಿ ನಿಧಾನವಾಗಿ ಓದಬೇಕು. ದೇಹದಲ್ಲಿ ವ್ಯತ್ಯಾಸವಿದೆ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆ ವ್ಯತ್ಯಾಸದಿಂದ ಶಿಕ್ಷೆಗೆ ಹೋಗಲು ನಡುವೆ ಇನ್ನೊಂದು ಮೆಟ್ಟಿಲು ಬೇಕು: 'ನೋಡುವವರಿಗೆ ಹೆಣ್ಣಿನ ಎದೆ ಎಂದರೆ ಕಾಮ.' ಇದು ದೇಹದ ಗುಣವಲ್ಲ, ನೋಡುವವರ ಕಣ್ಣಿನ ಗುಣ. ಆ ಕಣ್ಣು ಹಾಗಾದದ್ದಕ್ಕೆ ಮುಚ್ಚಿಡುವ ನಿಯಮವೂ ಕಾರಣ. ಅಂದರೆ ನಿಯಮ ತಾನೇ ಬೆಳೆಸಿದ ನೋಟವನ್ನು ತನಗೆ ಸಾಕ್ಷಿ ಮಾಡಿಕೊಳ್ಳುತ್ತಿದೆ.

ಫೋರ್ಟ್ ಕಾಲಿನ್ಸ್ ನಿಯಮದ ಒಂದು ಸಾಲು ನೋಡಿ. ನಿಷೇಧ ಇದ್ದದ್ದು 10 ವರ್ಷ ಮತ್ತು ಮೇಲ್ಪಟ್ಟ ಹೆಣ್ಣಿಗೆ. ಹತ್ತರ ಹುಡುಗ, ಹುಡುಗಿಯ ಎದೆಯಲ್ಲಿ ಎಷ್ಟೋ ಸಲ ಏನೂ ವ್ಯತ್ಯಾಸ ಇರುವುದಿಲ್ಲ. ಆದರೂ ಅವಳು ಮುಚ್ಚಿಕೊಳ್ಳಬೇಕಿತ್ತು, ಅವನು ಬರಿಮೈಯಲ್ಲಿ ಈಜಾಡಬಹುದಿತ್ತು. ಮೈಯಲ್ಲಿ ಇಲ್ಲದ ವ್ಯತ್ಯಾಸವನ್ನು ನಿಯಮ ಮಗುವಿನ ಮೇಲೆ ಹೊರಿಸಿತ್ತು. ನನಗೆ ಇದಕ್ಕಿಂತ ಬಲವಾದ ವಾದ ಕಾಣುವುದಿಲ್ಲ.

ನೋಟ ಬದಲಾಗುತ್ತದೆ ಎನ್ನುವುದಕ್ಕೆ ಚರಿತ್ರೆಯಲ್ಲಿ ಸಾಕಷ್ಟಿದೆ. 1930ರ ದಶಕದಲ್ಲಿ ಅಟ್ಲಾಂಟಿಕ್ ಸಿಟಿಯ ಕಡಲತೀರದಲ್ಲಿ ಬರಿಮೈಯ ಗಂಡಸರನ್ನೇ ಬಂಧಿಸಿದ್ದರು. ತಿರುವಾಂಕೂರಿನಲ್ಲಿ 1859ರ ರಾಜಾಜ್ಞೆಗೆ ಮುಂಚೆ ನಾಡಾರ್ ಜಾತಿಯ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಏಟು ತಿಂದು ಹೋರಾಡಿದರು. ಅಲ್ಲಿ ಅಪರಾಧ ಆದದ್ದು ಬಟ್ಟೆಯೇ.

'ಜನರಿಗೆ ಮುಜುಗರ' ಎಂಬ ವಾದಕ್ಕೆ ಉತ್ತರ ಬರೆಯುವಾಗ ಜೇಕಬ್ ತೀರ್ಪಿನ 'ನೋಡುತ್ತಾ ನಿಲ್ಲಬೇಕಿರಲಿಲ್ಲ' ಅಂಶವನ್ನು ಸೇರಿಸಿ. ನ್ಯೂ ಹ್ಯಾಂಪ್‌ಶೈರ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಅಮೆರಿಕದ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಒಪ್ಪಲಿಲ್ಲ. ಹಾಗಾಗಿ ಎರಡು ವಿರುದ್ಧ ತೀರ್ಪುಗಳೂ ಹಾಗೆಯೇ ಉಳಿದವು. ಒಂದನ್ನೇ ಓದಿ 'ಅಮೆರಿಕದ ಕಾನೂನು ಇದು' ಎಂದು ಬರೆಯಬೇಡಿ.